ಕೃತಜ್ಞತೆ ಔಷಧವಲ್ಲ, ಋಣ

ಪ್ರತಿದಿನ ಮಲಗುವ ಮುನ್ನ ದೊರೆತ ಸುಖಗಳನ್ನು ಎಣಿಸಿ ಕೃತಜ್ಞರಾದರೆ ಮನಸ್ಸು ಹಗುರವಾಗುತ್ತದೆಂಬ ಉಪದೇಶ ಈಗ ಪ್ರವಚನ ಮಂದಿರಗಳಿಂದ ಮೊಬೈಲ್ ಸಂದೇಶಗಳವರೆಗೆ ಹಬ್ಬಿದೆ. ಉಪದೇಶ ಸುಳ್ಳಲ್ಲ, ಅಪೂರ್ಣ. ಅಪೂರ್ಣವಾದುದನ್ನೇ ದುಃಖಿತರ ತಲೆಗೆ ಕಟ್ಟಿದಾಗ ಅದು ಕ್ರೂರವೂ ಆಗುತ್ತದೆ.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರುಗಳಲ್ಲಿ ಕೃತಜ್ಞತೆಗೆ ದಿನಚರಿ ಪುಸ್ತಕ ಬೇಕಾಗಿರಲಿಲ್ಲ. ಆಶ್ವಯುಜದ ಸೀಗಿ ಹುಣ್ಣಿಮೆಗೆ ಧಾರವಾಡ ಸೀಮೆಯ ಒಕ್ಕಲು ಮನೆತನಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚರಗ ಚೆಲ್ಲುತ್ತವೆ. ಆಗ ಪೈರು ಇನ್ನೂ ನಿಂತೇ ಇರುತ್ತದೆ. ರಾಶಿ ಎಷ್ಟಾದೀತು, ಪೇಟೆಯ ಧಾರಣೆ ಏನಾದೀತು, ಯಾರಿಗೂ ತಿಳಿಯದು. ಲಾಭದ ಲೆಕ್ಕ ಮುಗಿದ ಮೇಲೆ ಸಲ್ಲಿಸುವ ವಂದನೆಯಲ್ಲ ಅದು. ಚೆಲ್ಲಿದ ಅನ್ನ ಹಕ್ಕಿಗೆ, ಇರುವೆಗೆ, ಮಣ್ಣಿಗೆ ಸೇರುತ್ತದೆ; ಒಕ್ಕಲಿಗನ ಮನಸ್ಸು ತಣಿಯುವುದು ಆಮೇಲಿನ ಮಾತು. ಆ ಪೂಜಾವಿಧಿಯ ಬಗ್ಗೆ ಪಂಡಿತರಿಗೆ ಆಕ್ಷೇಪವಿರಬಹುದು. ಭಾವದ ಬಗ್ಗೆ ಇರಲಾರದು.

ಜಿನಧರ್ಮದ ತರ್ಕವೂ ಇದೇ ದಾರಿಯದು. ತೀರ್ಥಂಕರನು ವೀತರಾಗ, ಸ್ತುತಿಗೆ ಒಲಿದು ವರ ಕೊಡುವವನಲ್ಲ, ನಿಂದೆಗೆ ಮುನಿಯುವವನೂ ಅಲ್ಲ. ಹಾಗಾದರೆ ಉಂಡ ಅನ್ನಕ್ಕೆ, ಉಟ್ಟ ಬಟ್ಟೆಗೆ ಶ್ರಾವಕನು ಯಾರಿಗೆ ಋಣಿ? ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಉತ್ತರವಿತ್ತಿದ್ದಾರೆ. ನೋಯಿಸಿದ ಜೀವಗಳನ್ನು ಪ್ರತಿಕ್ರಮಣದಲ್ಲಿ ನೆನೆಯುವವನು, ತನ್ನನ್ನು ಪೋಷಿಸಿದ ಜೀವಗಳನ್ನು ಅದೇ ಹೊತ್ತಿನಲ್ಲಿ ನೆನೆಯಲು ಹೊಸ ವ್ರತವೇನೂ ಬೇಡ.

ಉಪದೇಶಕರು ವಿಜ್ಞಾನದ ಸಾಕ್ಷ್ಯವನ್ನೂ ತರುತ್ತಾರೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಡೆದ ಉಪಕಾರಗಳನ್ನು ಬರೆದಿಟ್ಟವರು ಕಿರಿಕಿರಿಗಳನ್ನು ಬರೆದವರಿಗಿಂತ ಹೆಚ್ಚು ನೆಮ್ಮದಿ ಕಂಡದ್ದು ನಿಜ. ಆದರೆ ದಿನವೂ ಬರೆದವರು ಇತರರ ಕಷ್ಟಕ್ಕೆ ಹೆಚ್ಚಾಗಿ ಒದಗಿದುದಾಗಿಯೂ ಹೇಳಿಕೊಂಡಿದ್ದರು; ಆ ಅಂಶ ಮಾತ್ರ ಪ್ರವಚನಗಳಲ್ಲಿ ಬರುವುದಿಲ್ಲ. 2021ರಲ್ಲಿ ಡೇವಿಡ್ ಕ್ರೆಗ್ ಮತ್ತು ಜೆನಿಫರ್ ಚೀವೆನ್ಸ್ 27 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ಖಿನ್ನತೆ ಮತ್ತು ಆತಂಕಗಳ ಮೇಲೆ ಇಂಥ ಅಭ್ಯಾಸಗಳ ಪರಿಣಾಮ ಅಲ್ಪವೆಂದೇ ಕಂಡರು.

ಆದುದರಿಂದ ರಾತ್ರಿಯಿಡೀ ನಿದ್ರೆಯಿಲ್ಲದೆ ಕುಳಿತ ಸೊಸೆಗೆ, ಸಾಲದಲ್ಲಿ ಮುಳುಗಿದ ರೈತನಿಗೆ ‘ಇದ್ದುದನ್ನು ನೆನೆದು ತೃಪ್ತಿಪಡು’ ಎನ್ನುವುದು ಧರ್ಮೋಪದೇಶವಲ್ಲ, ಬಾಯಿ ಮುಚ್ಚಿಸುವ ಉಪಾಯ. ಅಂಥವರನ್ನು ವೈದ್ಯರ ಬಳಿ ಕರೆದೊಯ್ಯಬೇಕು. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಆಸ್ಪತ್ರೆಯಿದೆ; 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಅದಕ್ಕೆ ಶುಲ್ಕವಿಲ್ಲ. ಬಸದಿಯ ಸೂಚನಾ ಫಲಕದಲ್ಲಿ ಪಂಚಕಲ್ಯಾಣದ ಆಮಂತ್ರಣದ ಪಕ್ಕದಲ್ಲಿ ಆ ಐದು ಅಂಕಿಗಳಿಗೂ ಸ್ಥಳವಿರಬಾರದೇಕೆ?

ಇನ್ನು ಬಸದಿಗಳ ಗೋಡೆಗಳನ್ನೇ ನೋಡಬಹುದು. ಅಮೃತಶಿಲೆಯಲ್ಲಿ ದಾನಿಗಳ ಹೆಸರುಗಳು ತುಂಬಿರುತ್ತವೆ. ನಸುಕಿನಲ್ಲಿ ಅಂಗಳ ಗುಡಿಸುವವಳ ಹೆಸರು, ಅಭಿಷೇಕಕ್ಕೆ ನೀರು ಹೊತ್ತು ತರುವವನ ಹೆಸರು ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಒಮ್ಮೆಯೂ ಕೇಳಿಬರುವುದಿಲ್ಲ. ಅವರ ಸಂಬಳ ಹೊತ್ತಿಗೆ ಸರಿಯಾಗಿ ಸಿಗದಿರುವುದೂ ಉಂಟು. ಕೃತಜ್ಞತೆಯ ಶಿಬಿರಕ್ಕೆ ಹಣ ತೆಗೆದಿರಿಸುವ ಟ್ರಸ್ಟುಗಳು ಮೊದಲು ಆ ಬಾಕಿಯನ್ನು ತೀರಿಸಲಿ. ಬರುವ ಕ್ಷಮಾವಣಿಯ ದಿನ ಆಡಳಿತ ಮಂಡಳಿಯವರು ಪರಸ್ಪರ ಕೈಮುಗಿದ ಮೇಲೆ, ಅಂಗಳ ಗುಡಿಸುವ ಆ ತಾಯಿಯ ಎದುರಿಗೂ ಹೋಗಿ ನಿಲ್ಲಲಿ.