ಸಕ್ಕರೆ ಬಂದಿದೆಯೇ? ಮೊದಲು ಗಲ್ಲಾ ಬಿಟ್ಟು ಏಳಿ!

ಅಬ್ಬಿಗೆರೆ ಮೇನ್‌ರೋಡಿನಲ್ಲಿ ಯಾವ ಅಂಗಡಿಯವರಿಗಾದರೂ ‘ಶುಗರ್ ಇದೆ’ ಅಂತ ರಿಪೋರ್ಟು ಬರಲಿ, ಸಂಜೆಯೊಳಗೆ ಹತ್ತು ಮಂದಿ ಡಾಕ್ಟರು ಹುಟ್ಟಿಕೊಳ್ಳುತ್ತಾರೆ. ಹಾಲಿಗೆ ಬಂದವರು ಹಾಗಲಕಾಯಿ ರಸ ಅಂತಾರೆ. ಬಸ್‌ಸ್ಟಾಪಿನಲ್ಲಿ ನಿಂತವರು ಮೆಂತ್ಯ ನೆನೆಸಿ ಕುಡಿ ಅಂತಾರೆ. ಬಾಡಿಗೆ ವಸೂಲಿಗೆ ಬಂದ ಮಾಲೀಕರು ‘ಇಂಗ್ಲಿಷ್ ಮಾತ್ರೆ ಶುರು ಮಾಡಿದ್ರೆ ಸಾಯೋತನಕ ಬಿಡೋಕಾಗಲ್ಲ’ ಎಂದು ಹೆದರಿಸಿ, ದುಡ್ಡೆಣಿಸಿಕೊಂಡು ಹೋಗುತ್ತಾರೆ. ಅಂಗಡಿಯವರು ರಿಪೋರ್ಟನ್ನು ಗಲ್ಲಾದ ತಳಕ್ಕೆ ತುರುಕುತ್ತಾರೆ. ಮಗಳ ಮದುವೆ ಮಾತುಕತೆ ಇದ್ದರಂತೂ ಹೆಂಡತಿಗೂ ಹೇಳುವುದಿಲ್ಲ.

ಇದೇನು ಮುಚ್ಚಿಡುವ ಕಾಯಿಲೆಯೇ ಸ್ವಾಮಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ; ವಯಸ್ಕರಲ್ಲಿ ನೂರಕ್ಕೆ 11 ಮಂದಿ. ಬೆಳಗಿನ ಯಶವಂತಪುರದ ಬಸ್ಸಿನಲ್ಲಿ ನೇತಾಡುವ 60 ಮಂದಿಗೆ ಈ ಲೆಕ್ಕ ಹಾಕಿದರೆ ಆರೇಳು ಮಂದಿಯಾದರು. ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಬೆರಳು ಚುಚ್ಚಿ ನೋಡಿದ ಒಂದೇ ನಂಬರಿಗೆ ಗಾಬರಿ ಬೇಡ, ಅದನ್ನು ತಳ್ಳಿಹಾಕುವುದೂ ಬೇಡ. ಲ್ಯಾಬಿನಲ್ಲಿ ರಕ್ತ ಕೊಟ್ಟು ನೋಡಿಸಿ. ಬರೀ ಹೊಟ್ಟೆಯಲ್ಲಿ 126 ಅಥವಾ ಅದಕ್ಕೆ ಮೇಲೆ, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಅದಕ್ಕೆ ಮೇಲೆ ಬಂದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಅನುಮಾನವಿಲ್ಲ.

ಆಮೇಲೆ ಬರುತ್ತದೆ ನಿಜವಾದ ಪೇಚು. ಡಾಕ್ಟರು ‘ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಡೀರಿ’ ಅಂತಾರೆ. ಬೆಳಿಗ್ಗೆ ಆರಕ್ಕೆ ಷಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವವನಿಗೆ ಯಾವ ಹೊತ್ತು? ನಾಲ್ಕು ಬೈಟು ಟೀ ಕುಡಿದು, ಗಿರಾಕಿ ಕರಗಿದ ಮೇಲೆ ಮೂರೂವರೆಗೆ ಕ್ಯಾರಿಯರ್ ಬಿಚ್ಚುವುದು ರೂಢಿ. ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗಿದವರು ಹೀಗೆ ಊಟ ಎಳೆದರೆ ಸಕ್ಕರೆ ಕುಸಿದು, ಬೆವರಿ, ಕೈ ನಡುಗುತ್ತದೆ. ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಬೇಕು. ದಿನಸಿ ಅಂಗಡಿಯಲ್ಲಿ ಸಕ್ಕರೆಗೇನು ಬರ!

ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಕೆಲವರಿಗೆ ಶುರುವಿನಲ್ಲಿ ಹೊಟ್ಟೆ ಕೆಡಿಸುತ್ತದೆ. ‘ಆಗಿಬರಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಊಟದ ಜೊತೆ ತಗೊಂಡರೆ ಎಷ್ಟೋ ಜನಕ್ಕೆ ಒಗ್ಗುತ್ತದೆ; ಒಗ್ಗದಿದ್ದರೆ ಡಾಕ್ಟರಿಗೆ ಹೇಳಿ, ಬದಲಾಯಿಸುತ್ತಾರೆ. ನಂಬರು ಇಳಿಯಿತೆಂದು ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಅದು ಇಳಿದದ್ದೇ ಮಾತ್ರೆಯಿಂದ, ಅಣ್ಣ!

ಇನ್ನು ಮುದ್ದೆ. ಅನ್ನ ಬಿಟ್ಟೆ ಎಂದು ಎರಡು ದಪ್ಪ ಮುದ್ದೆ ಇಳಿಸಿದರೆ ರಾಗಿ ಹಿಟ್ಟೂ ಸಕ್ಕರೆಯಾಗುವುದೇ. ಒಂದು ಸಣ್ಣ ಮುದ್ದೆ, ಜೊತೆಗೆ ಸೊಪ್ಪು, ಕಾಳು ಜಾಸ್ತಿ ಇರಲಿ. ಉಂಡ ಮೇಲೆ ಹುಡುಗನನ್ನು ಗಲ್ಲಾದಲ್ಲಿ ಕೂರಿಸಿ ಹತ್ತು ನಿಮಿಷ ನಡೆಯಿರಿ. ಬಸ್ಸಿನವರು ಒಂದು ಸ್ಟಾಪು ಮೊದಲೇ ಇಳಿಯಲಿ.

ಲಕ್ಷ್ಮಿ ಇರುವ ಜಾಗವೆಂದು ಅಂಗಡಿ ಹೊರಗೆ ಚಪ್ಪಲಿ ಬಿಡುವ ಪದ್ಧತಿಯೂ ಇದೆಯಲ್ಲ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದ ಜೋಮು ಹಿಡಿದು ಮೊಳೆ ಚುಚ್ಚಿದ್ದೂ ಗೊತ್ತಾಗದು. ಶೆಡ್ಡಿನಲ್ಲಿ ಲೇತ್ ಹಿಡಿದವರಿಗೆ ಕಬ್ಬಿಣದ ಚೂರಿನ ಕಾಟ ಬೇರೆ. ಒಳಗೆ ಹಾಕಲೆಂದೇ ಬೇರೆ ಜೋಡಿ ಇಟ್ಟುಕೊಳ್ಳಿ, ಲಕ್ಷ್ಮಿ ಸಿಟ್ಟಾಗುವುದಿಲ್ಲ. ರಾತ್ರಿ ಪಾದ ತಿರುಗಿಸಿ ನೋಡಿ. ಕಣ್ಣಿನ ಪರದೆ ಪರೀಕ್ಷೆಯನ್ನೂ ಕಾಯಿಲೆ ಗೊತ್ತಾದಾಗಲೇ ಮಾಡಿಸಬೇಕು. ಸರಕಾರಿ ಮಿಂಟೋ ಆಸ್ಪತ್ರೆ ಇದೆ.

ಇಷ್ಟೆಲ್ಲ ರೋಗಿಗೆ ಬುದ್ಧಿ ಹೇಳಿದ್ದಾಯಿತು. ಸರಕಾರದ್ದೇನು? ಮೂವತ್ತು ದಾಟಿದವರಿಗೆ ಸಕ್ಕರೆ ಪರೀಕ್ಷೆ ಬಿಟ್ಟಿ ಮಾಡುವ ಕಾರ್ಯಕ್ರಮವಿದೆ, ಸರಿ. ಆದರೆ 2022ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ ಶುರುವಾದಾಗ ಗೊತ್ತುಮಾಡಿದ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 4.30. ಶೆಡ್ಡಿನ ಹುಡುಗ ಹೋದರೆ ಅರ್ಧ ದಿನದ ಕೂಲಿ ಕಟ್, ಅಂಗಡಿಯವನು ಹೋದರೆ ವ್ಯಾಪಾರ ಎದುರಂಗಡಿಗೆ. ತಿಂಗಳ ಮಾತ್ರೆಗೆ ಯಾರು ರಜೆ ಹಾಕುತ್ತಾರೆ? ಅಬ್ಬಿಗೆರೆಯಂಥ ದುಡಿಯುವವರ ಬಡಾವಣೆಗೆ ವಾರದಲ್ಲಿ ಎರಡು ದಿನವಾದರೂ ರಾತ್ರಿ ಒಂಬತ್ತರವರೆಗೆ ಡಾಕ್ಟರು, ಮಾತ್ರೆ, ರಕ್ತ ಪರೀಕ್ಷೆ ಸಿಗಬೇಕು. ವೋಟು ಕೇಳಲು ಆ ಹೊತ್ತಿಗೇ ಅಂಗಡಿ ಬಾಗಿಲಿಗೆ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.