ನಿಂತ ರೈಲು, ನಡೆದ ವ್ಯಾಜ್ಯ

ದೆಹಲಿಯ ವಿಮಾನನಿಲ್ದಾಣ ಮೆಟ್ರೊ ಮಾರ್ಗದ ಬಗೆಗಿನ ದೀರ್ಘ ವ್ಯಾಜ್ಯಕ್ಕೆ ಸರ್ವೋಚ್ಚ ನ್ಯಾಯಾಲಯವು 2024ರ ಏಪ್ರಿಲ್ 10ರಂದು ತೆರೆ ಎಳೆಯಿತು. ಒಂದು ಖಾಸಗಿ ಸಂಸ್ಥೆ ಸೋತಿತು, ಒಂದು ಸಾರ್ವಜನಿಕ ನಿಗಮ ಗೆದ್ದಿತು ಎಂಬಷ್ಟಕ್ಕೆ ಚರ್ಚೆ ಮುಗಿದುಹೋಯಿತು. 2012ರಲ್ಲಿ ಆ ರೈಲು ಆರು ತಿಂಗಳಿಗೂ ಹೆಚ್ಚು ಕಾಲ ನಿಂತಾಗ ಮತ್ತೆ ರಸ್ತೆಯ ಪಾಲಾದ ಪ್ರಯಾಣಿಕನಿಗೆ ಉತ್ತರ ಹೇಳಬೇಕಾದವರು ಯಾರು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಹಿನ್ನೆಲೆಯನ್ನು ನೆನೆಯುವುದು ಅಗತ್ಯ. ದೆಹಲಿ ಮೆಟ್ರೊ ನಿಗಮವು 2008ರಲ್ಲಿ ಮೂವತ್ತು ವರ್ಷಗಳ ಅವಧಿಗೆ ಖಾಸಗಿ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. ಸುರಂಗ, ಕಂಬ, ಸೇತುವೆಗಳನ್ನು ಕಟ್ಟುವುದು ನಿಗಮದ ಹೊಣೆ. ಹಳಿ, ಬೋಗಿ, ಸಂಚಾರ ವ್ಯವಸ್ಥೆ ಖಾಸಗಿಯವರ ಹೊಣೆ. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸಿದ್ಧವಾಗಬೇಕಿದ್ದ ಮಾರ್ಗವು 2011ರ ಫೆಬ್ರವರಿ 23ರಂದು ತೆರೆಯಿತು. ನವದೆಹಲಿ ರೈಲುನಿಲ್ದಾಣದಿಂದ ದ್ವಾರಕಾ ಸೆಕ್ಟರ್ 21ರವರೆಗಿನ ಸುಮಾರು 23 ಕಿಲೋಮೀಟರ್‌ಗಳಲ್ಲಿ ಹೆಚ್ಚಿನ ಪಾಲು ನೆಲದಡಿಯದು. ಒಂದೂವರೆ ವರ್ಷ ತುಂಬುವ ಮೊದಲೇ, 2012ರ ಜುಲೈನಲ್ಲಿ, ಎತ್ತರಿಸಿದ ಭಾಗದಲ್ಲಿ ದೋಷ ಕಂಡಿತು. ಕಂಬದ ಮೇಲೆ ಗರ್ಡರನ್ನು ಹೊರುವ ಬೇರಿಂಗುಗಳು ಸರಿಯಾಗಿರಲಿಲ್ಲ. ಗರ್ಡರುಗಳಲ್ಲಿ ಬಿರುಕುಗಳೂ ಕಂಡವು. ಸೇತುವೆಯ ದೋಷಕ್ಕಾಗಿ ಸುರಂಗದ ಸಂಚಾರವೂ ನಿಂತಿತು.

ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಸಂಶಯವಿರುವ ಸೇತುವೆಯ ಮೇಲೆ ಜನರನ್ನು ಹೊತ್ತ ರೈಲನ್ನು ಓಡಿಸಬಾರದು. ನನ್ನ ಆಕ್ಷೇಪವಿರುವುದು ಅನಂತರದ ನಡೆಯ ಬಗ್ಗೆ. ದುರಸ್ತಿ ನಡೆಯುತ್ತಿದ್ದಂತೆಯೇ, ದೋಷ ಪರಿಹಾರವಾಗಿಲ್ಲವೆಂದು ಅಕ್ಟೋಬರ್‌ನಲ್ಲಿ ಸಂಸ್ಥೆಯು ಒಪ್ಪಂದ ರದ್ದತಿಯ ನೋಟೀಸು ನೀಡಿತು. ಆದರೂ ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ಒಪ್ಪಿಗೆ ಪಡೆದು, ಗಂಟೆಗೆ 50 ಕಿಲೋಮೀಟರಿನ ಮಿತಿಯೊಳಗೆ, 2013ರ ಜನವರಿ 22ರಂದು ರೈಲು ಮತ್ತೆ ಓಡಿತು. ಅದೇ ಜುಲೈ 1ರಿಂದ ನಿಗಮವೇ ಮಾರ್ಗವನ್ನು ವಹಿಸಿಕೊಂಡಿತು.

ರೈಲು ಓಡಿದರೂ ವ್ಯಾಜ್ಯ ನಿಲ್ಲಲಿಲ್ಲ. 2017ರಲ್ಲಿ ಪಂಚಾಯ್ತಿದಾರರು ಸಂಸ್ಥೆಗೆ 2,782 ಕೋಟಿ ರೂಪಾಯಿ ಹಾಗೂ ಬಡ್ಡಿ ಕೊಡಬೇಕೆಂದರು. 2019ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2024ರಲ್ಲಿ ಅದೇ ನ್ಯಾಯಾಲಯ ಕ್ಯುರೇಟಿವ್ ಅರ್ಜಿಯ ಮೇಲೆ ತನ್ನ ತೀರ್ಪನ್ನೇ ಬದಿಗಿರಿಸಿತು. ಸುರಕ್ಷತಾ ಆಯುಕ್ತರ ಪ್ರಮಾಣಪತ್ರವನ್ನು ಪಂಚಾಯ್ತಿದಾರರು ಗಣನೆಗೆ ತೆಗೆದುಕೊಳ್ಳದಿದ್ದುದು ಅದಕ್ಕೆ ಒಂದು ಮುಖ್ಯ ಕಾರಣ.

ಇಲ್ಲಿಯೇ ವಿಚಾರದ ಮರ್ಮವಿದೆ. ಯಾವ ಕಾಗದವನ್ನು ನಂಬಿ ಜನ ರೈಲು ಹತ್ತಿದರೋ, ಆ ಕಾಗದಕ್ಕೆ ಬೆಲೆಯುಂಟೇ ಎಂಬುದು ಹನ್ನೊಂದು ವರ್ಷ ತೀರ್ಮಾನವಾಗಲಿಲ್ಲ. ಕಟ್ಟಿದವರು ಒಬ್ಬರು, ಓಡಿಸುವವರು ಇನ್ನೊಬ್ಬರು, ಪ್ರಮಾಣಪತ್ರ ಕೊಡುವವರು ಮತ್ತೊಬ್ಬರು. ಹೊಣೆಯನ್ನು ಇಷ್ಟು ಪಾಲು ಮಾಡಿದ ಮೇಲೆ ಪ್ರಯಾಣಿಕನ ಪಾಲಿಗೆ ಏನು ಉಳಿದೀತು? ಖಾಸಗೀಕರಣವೆಲ್ಲ ಕೆಡುಕೆಂಬ ಹಳೆಯ ವಾದವನ್ನು ನಾನು ಮುಂದಿಡುತ್ತಿಲ್ಲ. ಕೆಟ್ಟ ಸೇತುವೆಯನ್ನು ಕಟ್ಟಿಸಿದ್ದು ಸಾರ್ವಜನಿಕ ನಿಗಮವೇ ಅಲ್ಲವೇ?

ಬೆಂಗಳೂರಿನ ಒಂದು ನಿದರ್ಶನವನ್ನು ಇದರೊಡನೆ ಇಟ್ಟು ನೋಡಬಹುದು. 2018ರ ಡಿಸೆಂಬರ್‌ನಲ್ಲಿ ಟ್ರಿನಿಟಿ ನಿಲ್ದಾಣದ ಬಳಿ ತೊಲೆಯ ಕಾಂಕ್ರೀಟಿನಲ್ಲಿ ದೋಷ ಕಂಡಾಗ, ಮಹಾತ್ಮ ಗಾಂಧಿ ರಸ್ತೆ ಮತ್ತು ಇಂದಿರಾನಗರದ ನಡುವೆ ಸಂಚಾರವನ್ನು ಕೆಲವೇ ದಿನ ನಿಲ್ಲಿಸಿ ದುರಸ್ತಿ ಮುಗಿಸಿದರು. ದೋಷದ ಪ್ರಮಾಣ ಚಿಕ್ಕದೆಂಬುದು ನಿಜ. ಆದರೆ ಕಟ್ಟಿಸಿದವರೂ ಓಡಿಸುವವರೂ ಒಬ್ಬರೇ ಆದ್ದರಿಂದ ಯಾರನ್ನು ಕೇಳಬೇಕೆಂಬ ಗೊಂದಲವಿರಲಿಲ್ಲ. ಗುರುಗ್ರಾಮದಲ್ಲಿ 2019ರಲ್ಲಿ ಖಾಸಗಿ ಸಂಸ್ಥೆ ರ‍್ಯಾಪಿಡ್ ಮೆಟ್ರೊದಿಂದ ಕೈತೊಳೆದುಕೊಳ್ಳಲು ಹೊರಟಾಗ ಉಚ್ಚ ನ್ಯಾಯಾಲಯ ನಡುವೆ ಬಂದಿತು. ಅಕ್ಟೋಬರ್‌ನಲ್ಲಿ ದೆಹಲಿ ಮೆಟ್ರೊ ನಿಗಮ ಅದನ್ನು ವಹಿಸಿಕೊಂಡಿತು. ಹಣದ ಜಗಳ ಬೇರೆ, ಜನರ ಸಂಚಾರ ಬೇರೆ ಎಂಬ ವಿವೇಕ ಅಲ್ಲಿ ಕೆಲಸ ಮಾಡಿತು.

ಆ ವಿವೇಕ ನ್ಯಾಯಾಲಯದ ಕೃಪೆಯಾಗಿ ಉಳಿಯದೆ ಒಪ್ಪಂದದ ಷರತ್ತಾಗಬೇಕು. ಮಾರ್ಗ ನಿಂತ ದಿನದಿಂದಲೇ ಬದಲಿ ಬಸ್ಸುಗಳನ್ನು ಓಡಿಸುವ ಹೊಣೆ ಇಂಥವರದೆಂದು ಬರೆದಿರಬೇಕು. ತಪಾಸಣೆಯ ವರದಿ ಜನರ ಭಾಷೆಯಲ್ಲಿ ಪ್ರಕಟವಾಗಬೇಕು. ಪರಿಹಾರದ ಲೆಕ್ಕ ಎಷ್ಟು ವರ್ಷ ನಡೆದರೂ ರೈಲು ಅದಕ್ಕಾಗಿ ಕಾಯಬಾರದು.

ಹೊರನಾಡ ಕನ್ನಡಿಗರಿಗೆ ಇದರಲ್ಲೇನು ಎಂದು ಕೇಳುವವರಿರಬಹುದು. ದ್ವಾರಕಾದಲ್ಲಿ ಮನೆ ಮಾಡಿದವರು, ರಾಮಕೃಷ್ಣಪುರಂನಿಂದ ಊರಿಗೆ ಹೊರಡುವವರು ಈ ಮಾರ್ಗವನ್ನು ಚೆನ್ನಾಗಿ ಬಲ್ಲರು. ಬೆಂಗಳೂರಿನ ವಿಮಾನನಿಲ್ದಾಣದ ಮೆಟ್ರೊ ಮಾರ್ಗಕ್ಕೂ ಕೇಂದ್ರ ಸಂಪುಟ 2021ರಲ್ಲಿ ಒಪ್ಪಿಗೆ ನೀಡಿದೆ. ಅಲ್ಲಿನ ನಿಗಮವೂ ದೆಹಲಿಯದರಂತೆ ಕೇಂದ್ರ ಮತ್ತು ರಾಜ್ಯಗಳ ಸಮಪಾಲಿನದು. ರಾಜಧಾನಿಯಲ್ಲಿ ಕಂಡುಂಡದ್ದನ್ನು ತವರಿಗೆ ತಿಳಿಸುವುದು ನಮ್ಮ ಕರ್ತವ್ಯ. ರಾಜ್ಯೋತ್ಸವಕ್ಕೆ ಬರುವ ಮಂತ್ರಿಮಹೋದಯರಿಗೆ ಹಾರದೊಂದಿಗೆ ಈ ಮೂರು ಬೇಡಿಕೆಗಳ ಮನವಿಪತ್ರವನ್ನೂ ಕೊಡೋಣ.