ಊರ ಮುಂದಣ ಗೋಪುರ, ಕಿವಿಗಂಟಿದ ಫೋನು

ನಂಗಲಿ ಹೋಬಳಿಯ ಕೆಲವು ಹಿರಿಯ ಭಕ್ತರು ಕಳೆದ ತಿಂಗಳು ಶ್ರೀಮಠಕ್ಕೆ ಬಂದು ಒಂದು ಮನವಿಪತ್ರವನ್ನು ನಮ್ಮ ಮುಂದಿಟ್ಟರು. ಶಾಲೆಯ ಸಮೀಪದ ಖಾಸಗಿ ಜಮೀನಿನಲ್ಲಿ ಮೊಬೈಲ್ ಗೋಪುರವೊಂದು ಏಳಲಿದೆ. ಅದರಿಂದ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ, ಗುಬ್ಬಚ್ಚಿಗಳು ಸಾಯುತ್ತವೆ. ಆದುದರಿಂದ ಶ್ರೀಮಠವೂ ಸಹಿ ಹಾಕಬೇಕು ಎಂಬುದು ಅವರ ಕೋರಿಕೆ. ಅದೇ ವಾರ ಅದೇ ಊರಿನ ಯುವಕರು ಬಂದರು. ಹೆರಿಗೆ ನೋವು ಬಂದ ರಾತ್ರಿ 108ಕ್ಕೆ ಕರೆ ಮಾಡಲು ಮಾಳಿಗೆ ಹತ್ತಬೇಕಾಗಿದೆ, ದಯಮಾಡಿ ಗೋಪುರವನ್ನು ತಡೆಯಬೇಡಿ ಎಂದರು. ನಾವು ಸಹಿ ಹಾಕಲಿಲ್ಲ. ಏಕೆ ಹಾಕಲಿಲ್ಲವೆಂದು ಕೇಳುವ ಹಕ್ಕು ಭಕ್ತರಿಗಿದೆ.

ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆಯಾಗಿ ನಂಗಲಿಯನ್ನು ಹೆಸರಿಸುತ್ತವೆ. ಇಂದಿಗೂ ಅದು ಗಡಿಯೇ. ಮುಳಬಾಗಿಲಿನಿಂದ ಹೆದ್ದಾರಿಯಲ್ಲಿ ಹೊರಟು ನಂಗಲಿ ದಾಟಿದರೆ ಆಂಧ್ರದ ನೆಲ. ಫೋನಿಗೆ ಮಾತ್ರ ಈ ಎಲ್ಲೆ ತಿಳಿಯದು. ಅಂಚಿನ ತೋಟದ ಮನೆಗಳಲ್ಲಿ ಅದು ಎಷ್ಟೋ ಸಲ ಆಚೆ ರಾಜ್ಯದ ಗೋಪುರವನ್ನು ಹುಡುಕಿ ಹಿಡಿಯುತ್ತದೆ. ಹೀಗೆ ದೂರದ ಗೋಪುರವನ್ನು ಹಿಡಿದ ಫೋನು ಹೇಗೆ ವರ್ತಿಸುತ್ತದೆ ಎಂಬುದರಲ್ಲಿಯೇ ಈ ವಿವಾದದ ತಿರುಳಿದೆ.

ಫೋನು ಕೇಳುವ ಯಂತ್ರ ಮಾತ್ರವಲ್ಲ, ಕೂಗುವ ಯಂತ್ರವೂ ಹೌದು. ಪಕ್ಕದಲ್ಲಿರುವವನೊಡನೆ ಮೆಲುದನಿಯಲ್ಲಿ ಮಾತನಾಡುವವನೇ ಆಚೆ ಬದುವಿನಲ್ಲಿರುವವನನ್ನು ಕರೆಯಲು ಗಂಟಲೆತ್ತುತ್ತಾನೆ. ಫೋನೂ ಹಾಗೆಯೇ: ಗೋಪುರ ಹತ್ತಿರವಿದ್ದರೆ ತನ್ನ ಪ್ರಸಾರ ಶಕ್ತಿಯನ್ನು ತಗ್ಗಿಸುತ್ತದೆ, ದೂರವಾದಷ್ಟೂ ಏರಿಸುತ್ತದೆ. 2ಜಿ ಫೋನಿನ ಮಿಡಿತದ ಗರಿಷ್ಠ ಶಕ್ತಿ 2 ವ್ಯಾಟ್. ಸಾಮಾನ್ಯ 4ಜಿ ಫೋನಿನದು ಸುಮಾರು 0.2 ವ್ಯಾಟ್. ಈ ಶಕ್ತಿ ಹೊರಡುವುದು ಕಪಾಲಕ್ಕೆ ಒತ್ತಿಕೊಂಡ ಜಾಗದಿಂದ. ಗೋಪುರದ ಶಕ್ತಿ ಇದಕ್ಕಿಂತ ಬಹಳ ಹೆಚ್ಚು, ನಿಜ. ಆದರೆ ದೂರ ಎರಡು ಪಟ್ಟಾದರೆ ಅದರ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಲ್ಲದೆ ಅದರ ಆಂಟೆನಾಗಳು ಲಾರಿಯ ಮುಂದೀಪದಂತೆ ಮುಂದಕ್ಕೆ ಬೀರುತ್ತವೆಯೇ ಹೊರತು ನೇರ ಕೆಳಕ್ಕಲ್ಲ. ಎಂದರೆ, ಮಕ್ಕಳ ರಕ್ಷಣೆಗೆಂದು ಗೋಪುರವನ್ನು ಮೂರು ಕಿಲೋಮೀಟರ್ ಆಚೆಗೆ ಅಟ್ಟಿದರೆ, ಅದೇ ಮಕ್ಕಳ ಕಿವಿಯಲ್ಲಿರುವ ಫೋನು ಇನ್ನಷ್ಟು ಗಟ್ಟಿಯಾಗಿ ಕೂಗತೊಡಗುತ್ತದೆ. ಮನವಿಪತ್ರ ತಂದ ಹಿರಿಯರಲ್ಲಿ ಒಬ್ಬರು ಅದನ್ನು ನಮಗೆ ಓದಿ ಹೇಳುವಾಗಲೂ ಕಿವಿಗೆ ಫೋನು ಒತ್ತಿಕೊಂಡು ಎರಡು ಬಾರಿ ಹೊರಗೆ ಹೋಗಿ ಬಂದರು. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ.

ಭಯಕ್ಕೆ ಬುಡವೇ ಇಲ್ಲವೆಂದು ನಾವು ಹೇಳುವುದಿಲ್ಲ. 2011ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಿಯೊ ತರಂಗಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ 2ಬಿ ವರ್ಗಕ್ಕೆ ಸೇರಿಸಿತು. ವಾಟ್ಸಾಪಿನಲ್ಲಿ ಹರಿದಾಡುವುದು ಇಷ್ಟೇ ಸಾಲು. ಆ ತೀರ್ಮಾನಕ್ಕೆ ಆಧಾರವಾದದ್ದು ಫೋನನ್ನು ಅತಿಯಾಗಿ ಬಳಸುವವರ ಮೇಲಿನ ಅಧ್ಯಯನಗಳೆಂಬುದೂ, ಗೋಪುರದಂತಹ ಪರಿಸರದ ಮೂಲಗಳ ವಿಷಯದಲ್ಲಿ ಸಾಕ್ಷ್ಯ ಸಾಲದೆಂದು ಅದೇ ಸಂಸ್ಥೆ ಹೇಳಿತೆಂಬುದೂ ಜೊತೆಗೆ ಬರುವುದಿಲ್ಲ. 2018ರಲ್ಲಿ ಅಮೆರಿಕದ ಸರ್ಕಾರಿ ಪ್ರಯೋಗವೊಂದರಲ್ಲಿ ದಿನಕ್ಕೆ ಸುಮಾರು 9 ಗಂಟೆಯಂತೆ ಎರಡು ವರ್ಷ ಇಡೀ ದೇಹಕ್ಕೆ ತೀವ್ರ ತರಂಗ ಹಾಯಿಸಿದ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆಗಳು ಕಂಡವು. ಆ ಇಲಿಗಳೇ ತರಂಗ ತಾಗದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವೆಂಬ ವಿಚಿತ್ರವೂ ಅದೇ ವರದಿಯಲ್ಲಿದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಾಡಿಸಿದ ಪರಾಮರ್ಶೆಯು 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಜಾಲಾಡಿ, ಫೋನ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲವೆಂದಿತು. ಗುಬ್ಬಚ್ಚಿಯ ಮಾತಿಗೆ ಬಂದರೆ, ಅದು ಗೂಡು ಕಟ್ಟುತ್ತಿದ್ದ ಸೂರಿನ ಸಂದುಗಳನ್ನೂ ಕಾಳು ಹೆಕ್ಕುತ್ತಿದ್ದ ಕಣಗಳನ್ನೂ ಇಲ್ಲವಾಗಿಸಿದವರು ನಾವೇ.

ನ್ಯಾಯಾಲಯಗಳೂ ಒಂದೇ ದನಿಯಲ್ಲಿ ನುಡಿದಿಲ್ಲ. ರಾಜಸ್ಥಾನ ಹೈಕೋರ್ಟು 2012ರಲ್ಲಿ ಶಾಲೆ, ಆಸ್ಪತ್ರೆಗಳ ಬಳಿಯ ಗೋಪುರಗಳನ್ನು ತೆಗೆಯಲು ಆದೇಶಿಸಿತು. 2021ರಲ್ಲಿ ನಟಿ ಜೂಹಿ ಚಾವ್ಲಾ 5ಜಿ ವಿರುದ್ಧ ಹೂಡಿದ ದಾವೆಯನ್ನು ದೆಹಲಿ ಹೈಕೋರ್ಟು ವಜಾ ಮಾಡಿ 20 ಲಕ್ಷ ರೂಪಾಯಿ ದಂಡ ವಿಧಿಸಿತು. ಮುಂದೆ ಅದು 2 ಲಕ್ಷಕ್ಕೆ ಇಳಿಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ, ಕೊರೊನಾದ ಎರಡನೆಯ ಅಲೆಗೆ 5ಜಿ ಕಾರಣವೆಂಬ ವದಂತಿಯನ್ನು ದೂರಸಂಪರ್ಕ ಇಲಾಖೆ ಅಲ್ಲಗಳೆಯಬೇಕಾಯಿತು. ನಮ್ಮ ದೇಶದಲ್ಲಿ 5ಜಿ ಸೇವೆ ಆರಂಭವಾದದ್ದೇ 2022ರ ಅಕ್ಟೋಬರ್ 1ರಂದು!

ಹಿರಿಯರು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. 2012ರ ಸೆಪ್ಟೆಂಬರ್ 1ರಿಂದ ಭಾರತದ ಮಿತಿಯು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗ: 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 0.45 ವ್ಯಾಟ್, 1800ರಲ್ಲಿ 0.9 ವ್ಯಾಟ್. ಮಿತಿ ಕಾಗದದ ಮೇಲಿದ್ದರೆ ಸಾಲದು, ಅಳೆಯಬೇಕು. 2017ರಿಂದ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ಯಾವುದೇ ಗೋಪುರದ ವಿವರವನ್ನು ಯಾರು ಬೇಕಾದರೂ ನೋಡಬಹುದು. 4000 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ ಇಲಾಖೆಯವರೇ ಬಂದು ಅಳೆಯುತ್ತಾರೆ. ಕೈಯಲ್ಲಿರುವ ಫೋನಿನ ಮಟ್ಟ ತಿಳಿಯಲು *#07# ಒತ್ತಿದರೆ ಸಾಕು; ಮಿತಿ ಕಿಲೋಗ್ರಾಮಿಗೆ 1.6 ವ್ಯಾಟ್. ಇದಲ್ಲದೆ ಜನರೇಟರಿನ ಹೊಗೆ ಮತ್ತು ಸದ್ದು, ಗಾಳಿಗೆ ಗೋಪುರ ನಿಲ್ಲುವ ದೃಢತೆ, ಬಾಡಿಗೆ ಕರಾರಿನ ಷರತ್ತು, ಇವು ಕಣ್ಣಿಗೆ ಕಾಣುವ ತೊಂದರೆಗಳು. ಮನವಿಪತ್ರದಲ್ಲಿ ಇವುಗಳ ಸುದ್ದಿಯೇ ಇಲ್ಲ. ಗೋಪುರ ಹಾಕಿಸಿಕೊಡುತ್ತೇವೆಂದು ಮುಂಗಡ ಹಣ ಕೀಳುವ ಮೋಸಗಾರರ ಬಗ್ಗೆ ಸರ್ಕಾರವೇ ಮತ್ತೆ ಮತ್ತೆ ಎಚ್ಚರಿಸಿದೆ. ಅಂತಹ ಕರೆ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಇನ್ನೊಂದು ಮಾತು ಹೇಳದಿರಲಾರೆವು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅದು ಹಲ್ಲನ್ನು ಕಂದಾಗಿಸುತ್ತದೆ, ಮೂಳೆಯನ್ನು ಬಾಗಿಸುತ್ತದೆ. ಇದರಲ್ಲಿ ವಿಜ್ಞಾನಿಗಳಿಗೆ ಭಿನ್ನಮತವಿಲ್ಲ. ಆ ನೀರಿನ ವಿಷಯವಾಗಿ ಸಹಿ ಹಾಕಿರೆಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ನಮ್ಮ ಬಳಿಗೆ ಬಂದಿಲ್ಲ.

ಎರಡೂ ಕಡೆಯವರನ್ನು ಕೂರಿಸಿ ಬೇರೊಂದು ಪತ್ರ ಬರೆಸಿದ್ದೇವೆ. ಗೋಪುರದ ದೃಢತಾ ಪ್ರಮಾಣಪತ್ರ ಹಾಗೂ ತರಂಗಮಟ್ಟದ ಸ್ವಯಂದೃಢೀಕರಣವನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಬೇಕು. ಜನರೇಟರನ್ನು ಶಾಲೆಯ ಕಡೆಗೆ ಇಡಕೂಡದು. ಗೋಪುರ ಚಾಲನೆಗೊಂಡ ತಿಂಗಳೊಳಗೆ ಶಾಲೆಯ ಅಂಗಳದಲ್ಲಿಯೇ ಅಳತೆಯಾಗಬೇಕು. ಅಳತೆಯ ಶುಲ್ಕವನ್ನು ಶ್ರೀಮಠ ಭರಿಸಲಿದೆ. ಆ ದಿನ ಹಿರಿಯರೂ ಯುವಕರೂ ಮಾಪಕದ ಪಕ್ಕದಲ್ಲಿ ನಿಂತಿರಬೇಕೆಂದು ಕೋರಿದ್ದೇವೆ. ಬಂದ ಅಂಕಿಯನ್ನು, ಅದು ಏನೇ ಇರಲಿ, ಇಲ್ಲಿಯೇ ಪ್ರಕಟಿಸುತ್ತೇವೆ. ಶಾಲೆಯ ಕುಡಿಯುವ ನೀರಿನ ಒಂದು ಬಾಟಲಿಯನ್ನೂ ಅಂದೇ ಪರೀಕ್ಷೆಗೆ ಕಳಿಸುವುದೆಂದು ತೀರ್ಮಾನವಾಗಿದೆ.